ಶಿವಮೊಗ್ಗದಲ್ಲಿ ಹೊಸ ಅಡುಗೆಮನೆ: ಊರಿನವರಿಗೆ ಕೊಡುವುದೋ, ಬೆಂಗಳೂರಿನ ಕಂಪನಿಗೋ?

ತುಂಗಾ ತೀರ
ಎಲ್ಲರಿಗೂ ನಮಸ್ಕಾರ. ವಿನೋಬನಗರದಲ್ಲಿ ನಮ್ಮ ಮನೆ, ಮಾವ ಕಟ್ಟಿಸಿದ್ದು. ಅಡುಗೆಮನೆ 10 ಅಡಿಗೆ 8 ಅಡಿ. ಕಡಪ ಕಲ್ಲಿನ ಕಟ್ಟೆ, ಕೆಳಗೆ ಬಾಗಿಲಿಲ್ಲದ ಗೂಡುಗಳು, ಅದಕ್ಕೊಂದು ಪರದೆ. ಮಳೆಗಾಲ ಬಂತೆಂದರೆ ಜಿರಳೆ, ಬೂಷ್ಟು ಎರಡೂ ಹಾಜರು. ಎಲ್ಲ ತೆಗೆಸಿ ಹೊಸದಾಗಿ ಮಾಡಿಸೋಣ ಅಂತ ಹೊರಟಿದ್ದೇವೆ.

ಮೂರು ಕಡೆ ಕೇಳಿದ್ದಾಯಿತು. ಬೆಂಗಳೂರಿನ ಒಂದು ಕಂಪನಿ 4.6 ಲಕ್ಷ ಹೇಳಿದೆ, 3ಡಿ ಚಿತ್ರ ನೋಡಿದರೆ ಅದು ನಮ್ಮನೆ ಅಂತ ನಂಬುವುದಕ್ಕೇ ಆಗುವುದಿಲ್ಲ. ಊರಿನದೇ ಒಂದು ಮಾಡ್ಯುಲರ್ ಅಂಗಡಿ (ಕಪಾಟಿನ ಪೆಟ್ಟಿಗೆ ಮೊದಲೇ ಮಾಡಿ ತಂದು ಜೋಡಿಸುವವರು) 2.9 ಲಕ್ಷ ಅನ್ನುತ್ತಿದೆ. ಗೊತ್ತಿರುವ ಆಚಾರ್ರು ಒಬ್ಬರು "ಸಾಮಾನು ನೀವೇ ತಂದುಕೊಡಿ, ಕೂಲಿ ಆಮೇಲೆ ನೋಡೋಣ" ಅನ್ನುತ್ತಾರೆ. ಯಾವುದಕ್ಕೆ ಯಾವುದನ್ನು ಹೋಲಿಸಬೇಕು ಅಂತಲೇ ತಿಳಿಯುತ್ತಿಲ್ಲ. ಶಿವಮೊಗ್ಗ, ಭದ್ರಾವತಿ ಕಡೆ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ. ಯಾರ ಹತ್ತಿರ ಮಾಡಿಸಿದಿರಿ, ಈಗ ಹೇಗಿದೆ?

ಗೋಪಾಳ ಗಿರಿ
ಆಚಾರ್ರಿಗೆ ಕೊಡಿ. ಕಣ್ಣು ಮುಚ್ಚಿಕೊಂಡು.

ಇಂಚುಪಟ್ಟಿ
ಕಣ್ಣು ಮುಚ್ಚಿಕೊಂಡು ಯಾರಿಗೂ ಕೊಡಬೇಡಿ! ನಾನು ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ ಮಾಡುತ್ತೇನೆ, ಹಾಗಂತ ಬೆಂಗಳೂರಿನವರ ಪರ ವಾದ ಮಾಡುತ್ತಿಲ್ಲ. ಮೇಡಂ, ಆ ಎರಡು ಕೊಟೇಶನ್‌ಗಳಲ್ಲಿ ಚದರ ಅಡಿ ಹೇಗೆ ಲೆಕ್ಕ ಹಾಕಿದ್ದಾರೆ ನೋಡಿ. ಕೆಲವರು ಎದುರಿಗೆ ಕಾಣುವ ಬಾಗಿಲುಗಳ ಅಳತೆ ಮಾತ್ರ ಹಿಡಿಯುತ್ತಾರೆ. ಕೆಲವರು ಒಳಗಿನ ಪೆಟ್ಟಿಗೆಯ ಪ್ರತಿಯೊಂದು ಹಲಗೆಯನ್ನೂ ಸೇರಿಸುತ್ತಾರೆ. ಇನ್ನು ಕೆಲವರು ರನ್ನಿಂಗ್ ಅಡಿ, ಅಂದರೆ ಉದ್ದ ಮಾತ್ರ. ಒಂದೇ ಅಡುಗೆಮನೆಗೆ ಮೂರು ಬೇರೆ ಲೆಕ್ಕ ಬರುತ್ತದೆ. ಚದರ ಅಡಿಗೆ ಇಷ್ಟು ಅಂತ ಯಾರಾದರೂ ಹೇಳಿದರೆ ಅದು ಏನೂ ಹೇಳಿದ ಹಾಗಲ್ಲ.

ಇನ್ನೊಂದು, ಏನೇನು ಸೇರಿಲ್ಲ ಅಂತ ಕೇಳಿ. ಹಳೇ ಕಟ್ಟೆ ಒಡೆಯುವುದು, ಗ್ರಾನೈಟ್, ಟೈಲ್ಸ್, ಸಿಂಕು, ನಲ್ಲಿ, ಪ್ಲಂಬಿಂಗ್, ಕರೆಂಟ್ ಪಾಯಿಂಟ್, ಚಿಮಣಿ, ಒಲೆ. ಸಾಮಾನ್ಯವಾಗಿ ಇದ್ಯಾವುದೂ ಸೇರಿರುವುದಿಲ್ಲ. ಮೇಲೆ 18% ಜಿಎಸ್‌ಟಿ ಬೇರೆ.

ತುಂಗಾ ತೀರ
ಈಗ ತೆಗೆದು ನೋಡಿದೆ ಸರ್. ಊರಿನವರ 2.9ರಲ್ಲಿ ಜಿಎಸ್‌ಟಿ ಇಲ್ಲ, ಗ್ರಾನೈಟೂ ಇಲ್ಲ. ಬೆಂಗಳೂರಿನವರದ್ದರಲ್ಲಿ ಜಿಎಸ್‌ಟಿ ಇದೆ, ಗ್ರಾನೈಟ್ ಇಲ್ಲ, ಚಿಮಣಿ ಮತ್ತು ಒಲೆ ಇದೆ. ಇಬ್ಬರೂ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಸಿವಿಲ್ ಕೆಲಸ ಹೊರತುಪಡಿಸಿ" ಅಂತ ಬರೆದಿದ್ದಾರೆ.

ಸಾಗರದ ಹುಡುಗಿ
ಹಾಗಾದರೆ ವ್ಯತ್ಯಾಸ ಅಷ್ಟೊಂದು ಇಲ್ಲ ಬಿಡಿ ಅಕ್ಕ. 2.9ಕ್ಕೆ ತೆರಿಗೆ ಸೇರಿಸಿದರೆ 3.4 ದಾಟುತ್ತದೆ. ಅದಕ್ಕೆ ಚಿಮಣಿ, ಒಲೆ.

ಪ್ಲೈವುಡ್ ಪುರಾಣ
ನಮ್ಮದು ಪ್ಲೈವುಡ್ ಅಂಗಡಿ (ಶಿವಮೊಗ್ಗದಲ್ಲಿ ಅಲ್ಲ, ವ್ಯಾಪಾರಕ್ಕೆ ಬರೆಯುತ್ತಿಲ್ಲ ಮಾರಾಯ್ರೆ). ರೇಟು ಆಮೇಲೆ ನೋಡಿ. ಮೊದಲು ಒಳಗಿನ ಪೆಟ್ಟಿಗೆ ಯಾವುದರದ್ದು ಅಂತ ಕೇಳಿ. ಕೊಟೇಶನ್‌ನಲ್ಲಿ "ಎಂಜಿನಿಯರ್ಡ್ ವುಡ್" ಅಂತ ಇದ್ದರೆ ಅದು ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ್ದು) ಇರಬಹುದು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ್ದು) ಇರಬಹುದು, ಎಚ್‌ಡಿಎಚ್‌ಎಂಆರ್ (ತೇವ ತಡೆಯುವ ಗಟ್ಟಿ ಹಲಗೆ) ಇರಬಹುದು. ಮೂರಕ್ಕೂ ಬೆಲೆ ಬೇರೆ, ಬಾಳಿಕೆ ಬೇರೆ. ಪಾರ್ಟಿಕಲ್ ಬೋರ್ಡ್‌ನ ಅಂಚಿನಿಂದ ಒಮ್ಮೆ ನೀರು ಒಳಗೆ ಹೋದರೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಶಿವಮೊಗ್ಗದ ಮಳೆಗಾಲಕ್ಕೆ, ಅದರಲ್ಲೂ ಸಿಂಕಿನ ಕೆಳಗೆ, ಅದು ಬೇಡವೇ ಬೇಡ.

ಪ್ಲೈವುಡ್‌ನಲ್ಲಿ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ ದರ್ಜೆ) ಕೇಳಿ. ಅದರ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು. ಆ ದರ್ಜೆಗೆ 72 ಗಂಟೆ ಕುದಿಯುವ ನೀರಲ್ಲಿ ಹಾಕಿ ಅಂಟು ಬಿಡುತ್ತದಾ ನೋಡುತ್ತಾರೆ. ಐಎಸ್ 303 ಅಂದರೆ ಅದಕ್ಕಿಂತ ಕೆಳಗಿನದು, ಮೇಲಿನ ಕಪಾಟುಗಳಿಗೆ ಸಾಕು. ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ದರ್ಜೆ, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಎಲ್ಲ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ನಮ್ಮ ಅಂಗಡಿಗೆ ಬಂದರೂ ನೋಡಿ.

ಹುಬ್ಬಳ್ಳಿ ಮಂದಿ
ಪ್ಲೈ ಮೇಲೆ ಮುದ್ರೆ ಇರುತ್ತದೆ ಸರಿ ರೀ, ಆದರೆ ಪೆಟ್ಟಿಗೆ ಮನೆಗೆ ಬರುವಷ್ಟರಲ್ಲಿ ಎರಡೂ ಕಡೆ ಲ್ಯಾಮಿನೇಟ್ ಹಾಕಿ ಮುಚ್ಚಿರುತ್ತಾರೆ. ಯಾವ ಮುದ್ರೆ ನೋಡುವುದು?

ಪ್ಲೈವುಡ್ ಪುರಾಣ
ಒಳ್ಳೆ ಪ್ರಶ್ನೆ ಸರ್. ಅದಕ್ಕೇ ಫ್ಯಾಕ್ಟರಿಗೆ ಹೋಗಬೇಕು. ಹಾಳೆ ಬಂದ ದಿನ ಫೋನ್ ಮಾಡಿ ಅಂತ ಹೇಳಿ, ಹೋಗಿ ಕತ್ತರಿಸುವ ಮುಂಚೆ ನೋಡಿ. ಊರಿನವರಿಗೆ ಕೊಟ್ಟರೆ ಇದು ಸಾಧ್ಯ. ಬೆಂಗಳೂರಿನಿಂದ ಪ್ಯಾಕ್ ಆಗಿ ಬಂದರೆ ಬಂದದ್ದೇ ಸರಿ.

ಗೋಪಾಳ ಗಿರಿ
ಅದನ್ನೇ ನಾನು ಹೇಳಿದ್ದು. ಆಚಾರ್ರಿಗೆ ಕೊಟ್ಟರೆ ಹಾಳೆ ನೀವೇ ತಂದಿರುತ್ತೀರಿ, ಯಾರನ್ನೂ ಅನುಮಾನಿಸುವ ಕೆಲಸವೇ ಇಲ್ಲ. ನಮ್ಮನೆಯಲ್ಲಿ ಬಾಗಿಲುಗಳನ್ನು ಸಾಗುವಾನಿಯಲ್ಲೇ ಮಾಡಿಸಿದ್ದೇವೆ. ಇವತ್ತಿಗೂ ಗಟ್ಟಿ.

ಇಂಚುಪಟ್ಟಿ
ಗಿರಿ ಸರ್, ಜುಲೈನಲ್ಲಿ ಆ ಬಾಗಿಲುಗಳು ಸಲೀಸಾಗಿ ಮುಚ್ಚುತ್ತವಾ?

ಗೋಪಾಳ ಗಿರಿ
ಸ್ವಲ್ಪ ಬಿಗಿ ಆಗುತ್ತವೆ. ಮರ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ.

ಇಂಚುಪಟ್ಟಿ
ಅಲ್ವಾ. ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪ್ಲೈನಲ್ಲಿ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿರುತ್ತಾರೆ, ಆದ್ದರಿಂದ ಅದು ಅಷ್ಟು ಅಲುಗಾಡುವುದಿಲ್ಲ. ಆಚಾರ್ರ ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅಂಚಿನ ಬಗ್ಗೆ. ಎಡ್ಜ್ ಬ್ಯಾಂಡ್ ಅಂತ ಪಿವಿಸಿ ಪಟ್ಟಿ ಬರುತ್ತದಲ್ಲ, ಫ್ಯಾಕ್ಟರಿಯ ಯಂತ್ರದಲ್ಲಿ ಬಿಸಿ ಅಂಟು ಹಾಕಿ ಒತ್ತುತ್ತಾರೆ. ಮನೆಯಲ್ಲಿ ಕೈಯಲ್ಲಿ ಅಂಟಿಸಿದ್ದು ಒಲೆಯ ಶಾಖಕ್ಕೆ, ಸಿಂಕಿನ ನೀರಿಗೆ ಬೇಗ ಬಿಡುತ್ತದೆ. ಬಿಟ್ಟ ಕಡೆಯಿಂದಲೇ ನೀರು ಒಳಗೆ ಹೋಗುವುದು. ಊರಿನ ಅಂಗಡಿಯವರನ್ನು ಒಂದೇ ಮಾತು ಕೇಳಿ: "ನಿಮ್ಮ ಹತ್ತಿರ ಪ್ಯಾನೆಲ್ ಸಾ (ಹಲಗೆ ಕತ್ತರಿಸುವ ಯಂತ್ರ) ಮತ್ತು ಎಡ್ಜ್ ಬ್ಯಾಂಡಿಂಗ್ ಮೆಷಿನ್ ಇದೆಯಾ, ನಾನು ಬಂದು ನೋಡಬಹುದಾ?"

ಸಾಗರದ ಹುಡುಗಿ
ನಮ್ಮ ಚಿಕ್ಕಮ್ಮ ಮಾಡಿಸಿದ್ದು ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರ ಹತ್ತಿರ. ಶೋರೂಮ್ ಇಲ್ಲ, ಬೋರ್ಡೂ ಸರಿಯಾಗಿಲ್ಲ, ಆದರೆ ಮೆಷಿನ್ ಇದೆ. ಕೆಲಸ ಅಚ್ಚುಕಟ್ಟು. ತಡ ಮಾತ್ರ ಮಾಡಿದರು, ಮದುವೆ ಸೀಸನ್ ಅಂತ ಹುಡುಗರೆಲ್ಲ ಊರಿಗೆ ಹೋಗಿಬಿಟ್ಟಿದ್ದರು. ಅಕ್ಕ, ಹೆಸರು, ನಂಬರ್ ಇಲ್ಲೇ ಹಾಕಲಾ?

ನಿರ್ವಾಹಕ
ಫೋನ್ ನಂಬರ್ ಹಾಕಬೇಡಿ. ಅಂಗಡಿಗಳ ಹೆಸರನ್ನೂ ಖಾಸಗಿ ಸಂದೇಶದಲ್ಲಿ ಕಳಿಸಿ. ಹೋದ ಸಲ ಸೋಲಾರ್ ಹೀಟರ್ ಚರ್ಚೆಯಲ್ಲಿ ಏನಾಯಿತು ಎಲ್ಲರಿಗೂ ನೆನಪಿದೆ.

ಹುಬ್ಬಳ್ಳಿ ಮಂದಿ
ಸೋಲಾರ್ ಜಗಳ! ಅದನ್ನು ಓದಲಿಕ್ಕೆ ಆ ವಾರ ನಾನು ಊಟ ಬಿಟ್ಟಿದ್ದೆ ರೀ.

ವಾಸ್ತು ವಿಶ್ವಾಸಿ
ಅಡುಗೆಮನೆ ಯಾವ ಮೂಲೆಯಲ್ಲಿದೆ ಅಂತ ಯಾರೂ ಕೇಳಲೇ ಇಲ್ಲ. ಆಗ್ನೇಯದಲ್ಲಿದ್ದರೆ ಒಳ್ಳೆಯದು. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿರಬೇಕು. ಒಲೆ, ಸಿಂಕು ಪಕ್ಕಪಕ್ಕ ಬೇಡ.

ತುಂಗಾ ತೀರ
ವಾಯವ್ಯದಲ್ಲಿದೆ ಸರ್. ಗೋಡೆ ಒಡೆದು ಮನೆ ತಿರುಗಿಸುವುದಕ್ಕೆ ಆಗುವುದಿಲ್ಲ. ಮುಖ ಪೂರ್ವಕ್ಕೇ ಬರುತ್ತದೆ, ಅತ್ತೆ ಅದನ್ನು ಆಗಲೇ ನೋಡಿ ಪಾಸ್ ಮಾಡಿದ್ದಾರೆ.

ಕಾಯಿ ತುರಿ
ಒಲೆ, ಸಿಂಕು ದೂರ ಇರಬೇಕು ಅನ್ನುವುದು ವಾಸ್ತು ನಂಬದವರಿಗೂ ಒಳ್ಳೆಯದೇ. ಬಾಣಲೆಯ ಕಾದ ಎಣ್ಣೆಗೆ ನೀರು ಸಿಡಿಯುವುದಿಲ್ಲ.

ನನಗೆ ಬೇರೆ ಪ್ರಶ್ನೆ. ಅಡುಗೆ ಮಾಡುವವರು ಯಾರು? ನೀವಾ, ಅತ್ತೆಯಾ? ಇಬ್ಬರ ಎತ್ತರ ಎಷ್ಟು? ಈ ಡಿಸೈನ್ ಮಾಡುವ ಹುಡುಗರು ಎಲ್ಲರಿಗೂ ಒಂದೇ 34 ಇಂಚಿನ ಕಟ್ಟೆ ಹಾಕಿ ಹೋಗುತ್ತಾರೆ.

ತುಂಗಾ ತೀರ
ಅಯ್ಯೋ, ನಮ್ಮನೆಯ ಜಗಳವೇ ಅದು. ಅತ್ತೆ 5 ಅಡಿ ಇಲ್ಲ, ನಾನು 5 ಅಡಿ 6 ಇಂಚು. ಬೆಳಗ್ಗೆ ತಿಂಡಿ ನಾನು, ಮಧ್ಯಾಹ್ನದ ಅಡುಗೆ ಅವರು. ಈಗಿರುವ ಕಟ್ಟೆ 30 ಇಂಚು. ನನಗೆ ಸೊಂಟ ನೋವು, ಅವರಿಗೆ ಅದೇ ಸರಿ.

ಇಂಚುಪಟ್ಟಿ
ಲೆಕ್ಕ ಹೀಗೆ. ನೇರ ನಿಂತು ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಅಳೆದು ಅದರಲ್ಲಿ 4ರಿಂದ 6 ಇಂಚು ಕಳೆಯಿರಿ. ತರಕಾರಿ ಹೆಚ್ಚುವುದಕ್ಕೆ ಅದು ಸರಿಯಾದ ಎತ್ತರ. ಒಲೆ ಇಡುವ ಕಡೆ ಇನ್ನೂ ಸ್ವಲ್ಪ ತಗ್ಗು ಇರಬೇಕು, ಯಾಕೆಂದರೆ ಒಲೆಯ ಮೇಲೆ ಕುಕ್ಕರ್ ಕೂತರೆ ಅದರ ಬಾಯಿ ಎದೆ ಹತ್ತಿರ ಬರುತ್ತದೆ. ನಿಮ್ಮಿಬ್ಬರಿಗೆ ಎರಡು ಎತ್ತರ ಮಾಡಿಸಬಹುದು. ಸಿಂಕಿನ ಗೋಡೆ 34, ಒಲೆಯ ಗೋಡೆ 31. 10 ಅಡಿಗೆ 8 ಅಡಿ ಅಂದಿರಿ, ಎಲ್ ಆಕಾರ ಬರುತ್ತದೆ. ಮೂಲೆಯಲ್ಲಿ ಮಟ್ಟ ಬದಲಾದರೆ ನೋಡುವುದಕ್ಕೂ ಕೆಟ್ಟದಾಗಿರುವುದಿಲ್ಲ.

ಕಾಯಿ ತುರಿ
ಹಾಗೇ ಗ್ರೈಂಡರ್ ಎಲ್ಲಿ? ಈಳಿಗೆಮಣೆ ಎಲ್ಲಿ? 3ಡಿ ಚಿತ್ರದಲ್ಲಿ ಬರೀ ಕಾಫಿ ಮೆಷಿನ್, ಹಣ್ಣಿನ ಬುಟ್ಟಿ ಇರುತ್ತದೆ. ದೋಸೆ ಹಿಟ್ಟಿಗೆ ಗ್ರೈಂಡರ್ ಎತ್ತಿ ಎತ್ತಿ ಇಡುವುದಕ್ಕೆ ಆಗುತ್ತದಾ? ಅದಕ್ಕೆ ಕಟ್ಟೆಯ ಮೇಲೆ ಕಾಯಂ ಜಾಗ, ಪಕ್ಕದಲ್ಲೇ ಪ್ಲಗ್ಗು, ಮೇಲಿನ ಕಪಾಟಿನ ಬಾಗಿಲು ಕಲ್ಲು ಎತ್ತುವಾಗ ತಲೆಗೆ ಹೊಡೆಯದಷ್ಟು ಅಂತರ ಬೇಕು. ನಾನು ಈಗಲೂ ನೆಲದ ಮೇಲೆ ಕೂತೇ ಕಾಯಿ ತುರಿಯುವುದು. ಆ ಜಾಗ ಬಿಟ್ಟು ಮಿಕ್ಕಿದ್ದರಲ್ಲಿ ಡಿಸೈನ್ ಮಾಡಿ ಅಂತ ಹೇಳಿದ್ದೆ. ಹುಡುಗ ಕಣ್ಣು ಕಣ್ಣು ಬಿಟ್ಟ.

ಜರ್ಸಿ ಕನ್ನಡಿಗ
ನಾನು ಇಲ್ಲಿ ನ್ಯೂಜರ್ಸಿಯಲ್ಲಿ ಗ್ರೈಂಡರ್ ಅನ್ನು ಗರಾಜ್‌ನಲ್ಲಿ ಇಟ್ಟಿದ್ದೇನೆ. ಕಾರಿನ ಪಕ್ಕ ದೋಸೆ ಹಿಟ್ಟು.

ಕುಡ್ಲ ಕಿಚನ್
ಮಂಗಳೂರಿನಿಂದ ನಮಸ್ಕಾರ. ನೀವೆಲ್ಲ ಮರದ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಎಸಿಪಿ ಶೀಟ್ (ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್) ಬಾಗಿಲು. ಗೆದ್ದಲು ಇಲ್ಲ, ಬೂಷ್ಟು ಇಲ್ಲ, ಪೈಪ್ ಸೋರಿದರೂ ಒರೆಸಿದರೆ ಆಯಿತು. ಅಗ್ಗವೂ ಹೌದು. ನೋಡುವುದಕ್ಕೆ ಸ್ವಲ್ಪ ಆಫೀಸಿನ ಹಾಗೆ ಕಾಣುತ್ತದೆ, ಬಾಗಿಲು ಹಾಕಿದರೆ ತಗಡಿನ ಸದ್ದು. ಆದರೆ ನಿಮ್ಮಲ್ಲೂ ಮಳೆ ಕಡಿಮೆ ಏನಲ್ಲವಲ್ಲ.

ಪ್ಲೈವುಡ್ ಪುರಾಣ
ಅಲ್ಯೂಮಿನಿಯಂ ಒಳ್ಳೆಯದೇ, ನಾನು ಮಾರುವುದಿಲ್ಲ ಅಷ್ಟೇ. ಒಂದು ಮಧ್ಯದ ದಾರಿ ಇದೆ. ಸಿಂಕಿನ ಕೆಳಗಿನ ಒಂದು ಪೆಟ್ಟಿಗೆಯನ್ನು ಮಾತ್ರ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಅಥವಾ ಪಿವಿಸಿ ಬೋರ್ಡ್‌ನಲ್ಲಿ ಮಾಡಿಸಿ, ಮಿಕ್ಕಿದ್ದು ಪ್ಲೈ. ಇಡೀ ಅಡುಗೆಮನೆಗೆ ಡಬ್ಲ್ಯುಪಿಸಿ ಬೇಡ. ಅದರಲ್ಲಿ ಸ್ಕ್ರೂ ಹಿಡಿತ ಪ್ಲೈಯಷ್ಟು ಇರುವುದಿಲ್ಲ, ಭಾರದ ಬಾಗಿಲು ಜೋತು ಬೀಳುತ್ತದೆ.

ಗೋಪಾಳ ಗಿರಿ
ಯಾಕೆ ಇಷ್ಟೆಲ್ಲ ಸರ್ಕಸ್? ಕಡಪ ಕಲ್ಲಿನ ಗೂಡು ಇದೆಯಲ್ಲ. ಅದಕ್ಕೇ ಚೌಕಟ್ಟು ಕೂರಿಸಿ ಬಾಗಿಲು ಹಾಕಿ. ಕಲ್ಲಿಗೆ ಗೆದ್ದಲು ಹತ್ತಲ್ಲ, ನೀರಿಗೆ ಉಬ್ಬಲ್ಲ. ಅರ್ಧ ದುಡ್ಡು ಉಳಿಯಿತು.

ತುಂಗಾ ತೀರ
ಅತ್ತೆ ಇದನ್ನು ಓದಿದರೆ ನಿಮ್ಮನ್ನು ಊಟಕ್ಕೆ ಕರೆಯುತ್ತಾರೆ ಸರ್. ಅವರದ್ದೂ ಇದೇ ವಾದ.

ಇಂಚುಪಟ್ಟಿ
ವಾದದಲ್ಲಿ ಹುರುಳಿದೆ. ಆದರೆ ಗೂಡುಗಳ ಅಗಲ ಒಂದೊಂದು ಒಂದೊಂದು ಥರ ಇದ್ದರೆ ರೆಡಿಮೇಡ್ ಡ್ರಾಯರ್, ಬುಟ್ಟಿ ಯಾವುದೂ ಕೂರುವುದಿಲ್ಲ. ಕಲ್ಲಿಗೆ ನೇರವಾಗಿ ಹಿಂಜ್ ಹಾಕಲು ಬರುವುದಿಲ್ಲ, ಚೌಕಟ್ಟು ಬೇಕೇ ಬೇಕು. ಮತ್ತೆ ಕಟ್ಟೆಯ ಎತ್ತರ 30 ಇಂಚಿಗೇ ನಿಲ್ಲುತ್ತದೆ. ಸೊಂಟ ನೋವು ಯಾರಿಗೆ ಅನ್ನುವುದರ ಮೇಲೆ ತೀರ್ಮಾನ ಮಾಡಿ.

ಶೆಟ್ಟಿಹಳ್ಳಿ ದಾರಿ
ಆ ಕಡಪ ಕಲ್ಲು ಒಡೆಯದೆ ಇಡಿಯಾಗಿ ತೆಗೆಸಿದರೆ ನನಗೆ ಬೇಕು. ಕೊಟ್ಟಿಗೆಯಲ್ಲಿ ಹಿಂಡಿ ಮೂಟೆ ಇಡುವುದಕ್ಕೆ ಅಟ್ಟಣಿಗೆ ಮಾಡಿಸಬೇಕು. ಖಾಸಗಿ ಸಂದೇಶ ಕಳಿಸಿದ್ದೇನೆ.

ಹುಬ್ಬಳ್ಳಿ ಮಂದಿ
ಬುಟ್ಟಿ ಅಂದ ಕೂಡಲೆ ನೆನಪಾಯಿತು. ಸ್ಟೀಲ್ ಬುಟ್ಟಿಗೆ ಎಸ್‌ಎಸ್ 304 ಅಂತ ಬಿಲ್ಲಿನಲ್ಲಿ ಬರೆಸಿ. ನಮ್ಮನೆಗೆ ಹಾಕಿದವರು ಬಾಯಲ್ಲಿ 304 ಅಂದರು, ಎರಡನೇ ವರ್ಷಕ್ಕೆ ತಟ್ಟೆ ಸ್ಟ್ಯಾಂಡಿನ ಬೆಸುಗೆಯ ಹತ್ತಿರ ತುಕ್ಕು. ಮ್ಯಾಗ್ನೆಟ್ ಹಿಡಿದು ನೋಡಬೇಕಿತ್ತು ಅಂತ ಎಲ್ಲರೂ ಬುದ್ಧಿ ಹೇಳಿದರು.

ಕುಡ್ಲ ಕಿಚನ್
ಮ್ಯಾಗ್ನೆಟ್‌ನಿಂದ ಗೊತ್ತಾಗುವುದಿಲ್ಲ ಮಾರಾಯ್ರೆ! 202 ದರ್ಜೆಗೂ ಮ್ಯಾಗ್ನೆಟ್ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ಅದಕ್ಕೇ ಅಗ್ಗ, ಅದಕ್ಕೇ ಬೇಗ ತುಕ್ಕು. ಸ್ಟೀಲ್ ವ್ಯಾಪಾರಿಗಳು ಒಂದು ಹನಿ ದ್ರಾವಣ ಹಾಕಿ ಬಣ್ಣ ನೋಡಿ ಹೇಳುತ್ತಾರೆ. ಸಮುದ್ರದ ಗಾಳಿ ಇರುವ ನಮಗೆ ಈ ಪಾಠ ಬಾಲವಾಡಿಯಲ್ಲೇ ಆಗುತ್ತದೆ.

ಗೋಪಾಳ ಗಿರಿ
ಹಿಂಜ್ ಯಾವುದು ಒಳ್ಳೆಯದು? ಬ್ಲಮ್ ಜರ್ಮನಿಯದ್ದು ಅಂತ ಅಳಿಯ ಹೇಳುತ್ತಿದ್ದ.

ಜರ್ಸಿ ಕನ್ನಡಿಗ
ಬ್ಲಮ್ ಆಸ್ಟ್ರಿಯಾದ್ದು. ಹೆಟ್ಟಿಕ್ ಜರ್ಮನಿಯದ್ದು.

ಇಂಚುಪಟ್ಟಿ
ಎಬ್ಕೋ ನಮ್ಮ ದೇಶದ್ದೇ, ಬೇಕಾದಷ್ಟು ಮನೆಗಳಲ್ಲಿ ಚೆನ್ನಾಗಿ ನಡೆಯುತ್ತಿದೆ. ಯಾವ ದೇಶದ್ದು ಅನ್ನುವುದಕ್ಕಿಂತ ಆ ಹಿಂಜ್ ಕೆಟ್ಟರೆ ಶಿವಮೊಗ್ಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದಾ ನೋಡಿ. ಕೆಲವು ಕಂಪನಿಗಳು ತಮ್ಮದೇ ಹೆಸರು ಒತ್ತಿದ ಹಿಂಜ್ ಹಾಕುತ್ತವೆ. ಒಂದು ಹೋದರೆ ಅವರ ಹತ್ತಿರವೇ ಹೋಗಬೇಕು. ಸಾಫ್ಟ್ ಕ್ಲೋಸ್ (ಸದ್ದಿಲ್ಲದೆ ನಿಧಾನಕ್ಕೆ ಮುಚ್ಚಿಕೊಳ್ಳುವುದು) ಎಲ್ಲ ಕಡೆ ಬೇಕಿಲ್ಲ, ದಿನಾ ಎಳೆಯುವ ಡ್ರಾಯರ್‌ಗಳಿಗೆ ಹಾಕಿಸಿ ಸಾಕು.

ನವುಲೆ ನಿವಾಸಿ
ತಡವಾಗಿ ಬಂದೆ. ನಾನು ಬೆಂಗಳೂರಿನ ಒಂದು ಕಂಪನಿಗೇ ಕೊಟ್ಟಿದ್ದೆ, ಹೆಸರು ಬೇಡ. ಕೆಲಸ ಚೆನ್ನಾಗಿ ಮಾಡಿದರು, ಸುಳ್ಳು ಹೇಳಬಾರದು. ಡ್ರಾಯರ್ ಎಲ್ಲ ಬೆಣ್ಣೆಯ ಹಾಗೆ ಜಾರುತ್ತಿದ್ದವು. ಆಮೇಲೆ ಒಂದು ಬಾಗಿಲು ಸೊಟ್ಟ ಆಯಿತು. ಫೋನ್ ಮಾಡಿದರೆ ಟಿಕೆಟ್ ನಂಬರ್ ಕೊಟ್ಟರು. ಮತ್ತೆ ಮಾಡಿದರೆ ಇನ್ನೊಂದು ಟಿಕೆಟ್ ನಂಬರ್. "ನಿಮ್ಮ ಭಾಗಕ್ಕೆ ಟೆಕ್ನಿಷಿಯನ್ ಬರುವಾಗ ಸೇರಿಸಿ ಕಳಿಸುತ್ತೇವೆ" ಅಂದರು. 300 ಕಿಲೋಮೀಟರ್ ದೂರದಿಂದ ಒಂದು ಹಿಂಜ್ ಬಿಗಿ ಮಾಡುವುದಕ್ಕೆ ಯಾರು ಬರುತ್ತಾರೆ ಹೇಳಿ. ಕೊನೆಗೆ ಊರಿನ ಹುಡುಗ ಸ್ಕ್ರೂಡ್ರೈವರ್ ತಂದು ಕಾಫಿ ಆರುವಷ್ಟರಲ್ಲಿ ಸರಿ ಮಾಡಿದ. ವಾರಂಟಿ 10 ವರ್ಷ ಅಂತ ಕಾಗದದಲ್ಲಿದೆ. ಬಂದು ಮಾಡಿಕೊಡುವವರು ಯಾರು ಅಂತ ಇಲ್ಲ.

ಸಾಗರದ ಹುಡುಗಿ
ಊರಿನವರೂ ಎಲ್ಲರೂ ಬರುತ್ತಾರೆ ಅಂತೇನಿಲ್ಲ. ಬಾಕಿ ದುಡ್ಡು ಕೊಟ್ಟ ಮರುದಿನದಿಂದ ಫೋನ್ ಎತ್ತದವರೂ ಇದ್ದಾರೆ.

ಇಂಚುಪಟ್ಟಿ
ಅದಕ್ಕೇ ಬಾಕಿ ದುಡ್ಡು ಇಟ್ಟುಕೊಳ್ಳುವುದು. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಸಾಮಾನು ಫ್ಯಾಕ್ಟರಿ ಬಿಡುವ ಮುಂಚೆಯೇ ಪೂರ್ತಿ ಅಥವಾ ಹೆಚ್ಚುಕಮ್ಮಿ ಪೂರ್ತಿ ಹಣ ಕೇಳುತ್ತವೆ. ಊರಿನವರ ಹತ್ತಿರ ಮಾತಾಡಬಹುದು. ಸ್ವಲ್ಪ ಮುಂಗಡ, ಹಾಳೆ ನೋಡಿದ ಮೇಲೆ ಒಂದಷ್ಟು, ಪೆಟ್ಟಿಗೆ ಮನೆಗೆ ಬಂದಾಗ ಒಂದಷ್ಟು, ಕೊನೆಯ 10-15% ಕೆಲಸ ಮುಗಿದು ಒಂದು ತಿಂಗಳು ಅಡುಗೆ ಮಾಡಿ ನೋಡಿದ ಮೇಲೆ. ಒಪ್ಪದಿದ್ದರೆ ಯಾಕೆ ಒಪ್ಪಲ್ಲ ಅಂತ ಕೇಳಿ, ಉತ್ತರದಲ್ಲೇ ಮನುಷ್ಯ ಗೊತ್ತಾಗುತ್ತಾನೆ.

ಮತ್ತೆ ಶೋರೂಮ್ ನೋಡಿ ಮರುಳಾಗಬೇಡಿ. ಅಲ್ಲಿ ಯಾರೂ ಒಗ್ಗರಣೆ ಹಾಕಿರುವುದಿಲ್ಲ. ನಾಲ್ಕೈದು ವರ್ಷದ ಹಿಂದೆ ಮಾಡಿಕೊಟ್ಟ ಒಂದು ಮನೆ ತೋರಿಸಿ ಅನ್ನಿ. ಅಲ್ಲಿ ಹೋಗಿ ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಗಿಟ್ಟು ನೋಡಿ.

ಕೋರ್ಟು ಕಚೇರಿ
ಬಿಲ್ಲಿನ ಬಗ್ಗೆ ಒಂದು ಮಾತು. "ಬಿಲ್ ಬೇಡ ಅಂದರೆ 18% ಉಳಿಯುತ್ತದೆ" ಅಂತ ಹೇಳುತ್ತಾರೆ. ಒಪ್ಪಬೇಡಿ. ಬಿಲ್ ಇದ್ದರೆ ನಿಮ್ಮ ಊರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ಗ್ರಾಹಕರು ತಾವು ವಾಸಿಸುವ ಜಾಗದಲ್ಲೇ ದೂರು ಹಾಕಬಹುದು, ಕಂಪನಿ ಬೆಂಗಳೂರಿನಲ್ಲಿದೆ ಅಂತ ಅಲ್ಲಿಗೆ ಓಡಾಡಬೇಕಿಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಸುಮಾರು ಕಂಪನಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ.

ಗೋಪಾಳ ಗಿರಿ
ಅಡುಗೆಮನೆ ಮಾಡಿಸುವ ಮುಂಚೆಯೇ ಕೋರ್ಟಿಗೆ ಕಳಿಸುತ್ತಿದ್ದೀರಲ್ಲ ಸ್ವಾಮಿ.

ಕಾಯಿ ತುರಿ
ಸಿಲಿಂಡರ್ ಎಲ್ಲಿಡುತ್ತೀರಿ ಅಂತ ಯಾರೂ ಕೇಳಿಲ್ಲ. ಚೆಂದ ಕಾಣಲಿ ಅಂತ ಕಪಾಟಿನೊಳಗೆ ಮುಚ್ಚಿಬಿಡುತ್ತಾರೆ. ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಸಾಧ್ಯವಾದರೆ ಹೊರಗೆ ಇಟ್ಟು ಪೈಪ್ ತನ್ನಿ. ಅದನ್ನು ಗ್ಯಾಸ್ ಏಜೆನ್ಸಿಯವರ ಕೈಯಲ್ಲೇ ಮಾಡಿಸಿ. ಒಳಗೇ ಇಡಬೇಕು ಅಂದರೆ ಬಾಗಿಲಿನ ಕೆಳಭಾಗದಲ್ಲಿ ಗಾಳಿ ಆಡುವುದಕ್ಕೆ ಜಾಲರಿ ಇರಲೇಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್ ಅನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಕೈ ಹೋಗದ ಜಾಗದಲ್ಲಿ ಇಟ್ಟರೆ ಯಾರು ಬದಲಿಸುತ್ತಾರೆ?

ತುಂಗಾ ತೀರ
ಎಲ್ಲರಿಗೂ ಥ್ಯಾಂಕ್ಸ್. ಬರೆದುಕೊಳ್ಳುತ್ತಾ ಪುಸ್ತಕದ ನಾಲ್ಕು ಪುಟ ತುಂಬಿತು. ಸಾಗರದ ತಂಗಿ ಕಳಿಸಿದ ವರ್ಕ್‌ಶಾಪ್‌ಗೆ ನಿನ್ನೆ ಹೋಗಿ ಬಂದೆವು. ಮೆಷಿನ್ ಇದೆ. ಹಾಳೆಯ ನಂಬರ್ ಆ್ಯಪ್‌ನಲ್ಲಿ ಹಾಕಿ ನೋಡಿದೆವು, ಸರಿಯಾಗಿದೆ. ಅವರಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ, "ನೋಡಿ ಮೇಡಂ, ನೋಡಲಿ ಅಂತಲೇ ಇಟ್ಟಿರುವುದು" ಅಂದರು. ಎರಡು ಎತ್ತರದ ಕಟ್ಟೆ ಅಂದಾಗ ಮಾತ್ರ ತಲೆ ಕೆರೆದುಕೊಂಡರು. ಹೊಸ ಕೊಟೇಶನ್ ಸೋಮವಾರ ಕೊಡುತ್ತಾರಂತೆ. ಬೆಂಗಳೂರಿನವರು ಇವತ್ತೂ ಫೋನ್ ಮಾಡಿ "ಈ ವಾರವೇ ಬುಕ್ ಮಾಡಿದರೆ ಚಿಮಣಿ ಉಚಿತ" ಅಂದರು.

ಹುಬ್ಬಳ್ಳಿ ಮಂದಿ
ಆ "ಈ ವಾರ" ನಮ್ಮ ಊರಲ್ಲಿ ಎರಡು ವರ್ಷದಿಂದ ನಡೆಯುತ್ತಿದೆ ರೀ.

ಕುಡ್ಲ ಕಿಚನ್
ಚಿಮಣಿ ಉಚಿತ ಕೊಟ್ಟರೂ ಅದರ ಕೊಳವೆ ಹೊರಗೆ ಹೋಗುವ ದಾರಿ ನೋಡಿಕೊಳ್ಳಿ. 6 ಇಂಚಿನ ಕೊಳವೆ, ತಿರುವು ಕಡಿಮೆ ಇದ್ದಷ್ಟೂ ಒಳ್ಳೆಯದು. ಹೊರಬಾಯಿಗೆ ಮುಚ್ಚಳ ಹಾಕಿಸದಿದ್ದರೆ ಮಳೆ ನೀರು, ಗುಬ್ಬಿ ಗೂಡು ಎರಡೂ ಒಳಗೆ.

ಗೋಪಾಳ ಗಿರಿ
ಚಿಮಣಿಯೇ ಯಾಕೆ, ಎಕ್ಸಾಸ್ಟ್ ಫ್ಯಾನ್ ಸಾಲದಾ?

ಕುಡ್ಲ ಕಿಚನ್
ನಿಮ್ಮನೆಯಲ್ಲಿ ಬಂಗುಡೆ ಹುರಿಯುತ್ತೀರಾ?

ಗೋಪಾಳ ಗಿರಿ
ಇಲ್ಲ.

ಕುಡ್ಲ ಕಿಚನ್
ಹಾಗಾದರೆ ಸಾಕು.

ಪ್ಲೈವುಡ್ ಪುರಾಣ
ಮೇಡಂ, ಹೊಸ ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸಿ ಕೂರಿಸಬೇಡಿ. 4 ಇಂಚಿನ ಪಿವಿಸಿ ಕಾಲು ಬರುತ್ತವೆ, ಮುಂದೆ ಕ್ಲಿಪ್ಪಿನ ಪಟ್ಟಿ. ಪಟ್ಟಿ ತೆಗೆದು ಒಳಗೆ ಗುಡಿಸಬಹುದು. ಹಳೇ ಗೂಡು ತೆಗೆದ ಮೇಲೆ ಗೋಡೆ, ನೆಲಕ್ಕೆ ಗೆದ್ದಲಿನ ಔಷಧಿ ಹೊಡೆಸಿ. ಪೆಟ್ಟಿಗೆ ಕೂತ ಮೇಲೆ ಆ ಜಾಗಕ್ಕೆ ಕೈ ಹೋಗುವುದಿಲ್ಲ.

ನವುಲೆ ನಿವಾಸಿ
ಟೈಲ್ಸ್ ಹಾಕುವ ಮುಂಚೆ ಗೋಡೆಯೊಳಗಿನ ನೀರಿನ ಪೈಪು, ವೈರು ಎಲ್ಲೆಲ್ಲಿ ಹೋಗಿದೆ ಅಂತ ಅಳತೆ ಟೇಪು ಹಿಡಿದು ಫೋಟೋ ತೆಗೆದಿಡಿ. ಮೇಲಿನ ಕಪಾಟಿಗೆ ಡ್ರಿಲ್ ಹಾಕುವ ಹುಡುಗನಿಗೆ ಆ ಫೋಟೋ ತೋರಿಸಿ. ನಮ್ಮನೆಯಲ್ಲಿ ಡ್ರಿಲ್ ಹಾಕಿದವನು ನೇರ ಪೈಪಿಗೇ ಹಾಕಿದ. ಸಂಜೆವರೆಗೂ ಟ್ಯಾಂಕ್ ಖಾಲಿ ಮಾಡಿಕೊಂಡು ಕೂತಿದ್ದೆವು.